ರಿವರ್ಸ್‌ನಲ್ಲಿ ಕೋಣಂದೂರಿಗೆ

ಹಳೆಯ ಗೇರ್ ಆಯಿಲ್‌ನ ಗಂಧಕದಂಥ ಘಾಟು ಮೂಗಿಗೆ ಬಡಿದರೆ ನಾನು ಇವತ್ತಿಗೂ ಒಬ್ಬಳೇ ನಗುತ್ತೇನೆ.

ಅಪ್ಪ, ಅವರ ಅಮ್ಮ ಅಂದರೆ ನನ್ನ ಅಜ್ಜಿ, ನಾನು ಕೋಣಂದೂರಿನ ಸಂತೆ ಮುಗಿಸಿ ಹೊರಟಿದ್ದೆವು. ಇಕ್ಕಟ್ಟಾದ ತಿರುವಿನಲ್ಲಿ ಎದುರು ಬಂದ ಬಸ್ಸಿಗೆ ದಾರಿ ಬಿಡಲು ಅಪ್ಪ ನಮ್ಮ ಹಳೆಯ ಕಾರನ್ನು ರಿವರ್ಸ್ ತೆಗೆದರು. ಬಸ್ಸು ಹೋಯಿತು, ಗೇರು ಮಾತ್ರ ರಿವರ್ಸ್ ಬಿಟ್ಟು ಕದಲಲಿಲ್ಲ. ಎಳೆದರೂ ಇಲ್ಲ, ಗುದ್ದಿದರೂ ಇಲ್ಲ.

"ಹಂಗೇ ಹಿಂದಕ್ಕೆ ಕೋಣಂದೂರಿನ ಗ್ಯಾರೇಜಿಗೆ ಹೋಗೋದೇ ಸೈ. ಅಮ್ಮಾ, ನಂಗೆ ಸರಿಯಾಗಿ ಕಾಣ್ತಿಲ್ಲ, ನೀನೇ ದಾರಿ ಹೇಳು," ಅಂದರು ಅಪ್ಪ.

ಅಜ್ಜಿ ಯಾವತ್ತೂ ಹಿಂದಿನ ಸೀಟಿನವಳು. ಅವಳಿಗೆ ದಾರಿಯುದ್ದಕ್ಕೂ ಕಂಡದ್ದು ಅಪ್ಪನ ಕತ್ತು ಮಾತ್ರ. ಈಗ ನಾವಿಬ್ಬರೂ ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಗಾಜಿಗೆ ಮೂಗು ಒತ್ತಿದೆವು. ಇಡೀ ರಸ್ತೆ ನಮ್ಮದು!

"ಎಡಕ್ಕೆ ತಿರ್ಗ್ಸೋ! ಎಮ್ಮೆ ಬಂತು, ನಿಲ್ಸು! ಹಾಂ, ಈಗ ಬಿಡು, ಬಿಡು!" ಅಜ್ಜಿಯ ಸೆರಗು ಜಾರಿತ್ತು, ಕೆನ್ನೆ ಕೆಂಪೇರಿತ್ತು. ಸಂತೆಯ ಜನ ಬಿದ್ದು ಬಿದ್ದು ನಗುತ್ತಿದ್ದರೆ ಅವಳು ಕೈ ಬೀಸಿದಳು.

ಮೆಕ್ಯಾನಿಕ್ ಕಾರಿನಡಿ ಮಲಗಿ ನಟ್ಟು ಬಿಚ್ಚಿದ. ಡಬ್ಬಿಗೆ ಕಪ್ಪು ಎಣ್ಣೆ ಸುರಿಯಿತು, ಅದರಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. "ಆಯಿಲ್ ಬದಲಾಯ್ಸಿ ಎಷ್ಟು ಕಾಲ ಆಯ್ತು ಮಾರಾಯ್ರೆ?" ಅಪ್ಪ ತಲೆ ಕೆರೆದುಕೊಂಡರು. ಅವನು ಗೇರಿನ ಕಡ್ಡಿ ಹಿಡಿಯುವ ಸವೆದ ಬುಷ್ ಬದಲಿಸಿ, ಹೊಸ ಎಣ್ಣೆ ತುಂಬಿದ. ಗೇರು ಬೆಣ್ಣೆಯಂತೆ ಬಿತ್ತು.

ಕಾರು ಮುಂದಕ್ಕೆ ಹೊರಟಿತು. ಅಜ್ಜಿ ಸೆರಗು ಸರಿಮಾಡಿಕೊಂಡು, ಅಪ್ಪನ ಕತ್ತನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಕಿವಿಗೆ ಬಗ್ಗಿದಳು:

"ಗೇರು ಇನ್ನೆರ್ಡು ದಿನ ಹಂಗೇ ಸಿಕ್ಕೊಂಡಿರ್ಬೋದಿತ್ತು ಕಣೆ."