ತುಂಬು ಗಬ್ಬದ ಎಮ್ಮೆ

ಚೆಕ್‌ಪೋಸ್ಟಿನಲ್ಲಿ ಟೆಂಪೋ ನಿಲ್ಲಿಸಿದಾಗ, ಒಳಗಿದ್ದ ಎಮ್ಮೆ ಬೆಳಗಿನಿಂದ ಈಯಲಾರದೆ ತಿಣುಕಿ ಸೋತು ಮಲಗಿತ್ತು. ಒಡತಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಜಾನುವಾರು ಸಾಗಣೆಯ ತಪಾಸಣೆಗೆ ನಿಂತಿದ್ದ ಅಧಿಕಾರಿ ಹಿಂದಿನಿಂದ ಇಣುಕಿದ.

“ತುಂಬು ಗಬ್ಬದ ಎಮ್ಮೇನ ಹೀಗೆ ಗಾಡೀಲಿ ಸಾಗಿಸೋ ಹಾಗಿಲ್ಲಮ್ಮ. ಡಾಕ್ಟ್ರ ಸರ್ಟಿಫಿಕೇಟ್ ಎಲ್ಲಿ?”

“ಡಾಕ್ಟ್ರ ತಾವ್ಕೇ ಹೊಂಟಿವ್ನಿ ಸ್ವಾಮಿ. ಕರ ಅಡ್ಡ ಬಿದ್ಬುಟ್ಟದೆ. ನಂಗಿರೋದು ಇದೊಂದೇ ಜೀವ. ನಿಮ್ ಕಾಲಿಗೆ ಬೀಳ್ತೀನಿ, ಬಿಟ್ಬುಡಿ.”

“ಪಟ್ಟಣ ಇನ್ನೂ ಇಪ್ಪತ್ತು ಮೈಲಿ ಇದೆ. ಈ ಕುಲುಕಾಟಕ್ಕೆ ತಾಯಿ, ಕರು ಎರಡೂ ಉಳಿಯಲ್ಲ. ಕಾನೂನು ಮಾಡಿರೋದೇ ಅದಕ್ಕೆ. ವಾಪಸ್ ಹೋಗಿ ನಿಮ್ಮ ಹತ್ತಿರದ ಆಸ್ಪತ್ರೇಲೇ ತೋರಿಸಿ.”

“ಮೊದ್ಲು ಹೋಗಿದ್ದೇ ಅಲ್ಗೆ. ಬೀಗ ಜಡಿದವ್ರೆ. ಹೊಸ ಡಾಕ್ಟ್ರು ಬಂದವ್ರಂತೆ, ಅವ್ರ ಮುಖ ಇನ್ನೂ ಒಬ್ರೂ ಕಂಡಿಲ್ಲ. ನಮ್ ಎಮ್ಮೆ ಇಲ್ಲಿ ಸಾಯ್ತಾ ಅದೆ, ಆವಪ್ಪ ಎಲ್ಲಿ ಕಾಲು ಚಾಚ್ಕಂಡು ಮನಗವ್ನೋ!”

ಟೆಂಪೋದ ಬಾಗಿಲು ಹಿಡಿದಿದ್ದ ಅಧಿಕಾರಿಯ ಕೈ ಸಡಿಲವಾಯಿತು.

“ಯಾವೂರಿನ ಆಸ್ಪತ್ರೆ?” ಎಂದು ಮೆಲ್ಲಗೆ ಕೇಳಿದ.

“ಹೊಂಬಾಳಪುರದ್ದು ಕಣಪ್ಪ.”

ಎಮ್ಮೆ ಒಮ್ಮೆ ನರಳಿತು.

ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಪೇದೆ ಇತ್ತ ತಿರುಗಿದ.

“ಅಲ್ಲಾ ಡಾಕ್ಟ್ರೇ, ನಿಮ್ಮನ್ನ ಈ ಡ್ಯೂಟಿಗೆ ಹಾಕಿರೋದು ಆ ಆಸ್ಪತ್ರೆಯಿಂದಾನೇ ಅಲ್ವಾ?”