ಮೂರು ಸೀಟು, ಒಂದು ಅಡುಗೆಮನೆ

"ಐದು ಗಂಟೆಯೊಳಗೆ ಬಿಟ್ಟುಕೊಡು. ಮಾತು ಬೆಳೆಸಬೇಡ," ಎಂದು ಔಷಧಿ ಅಂಗಡಿಯವನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ.

ಒಳಗೆ ದೊಡ್ಡವಳು. ಉಕ್ಕಲು ಬಂದ ಹಾಲನ್ನು ಕೆಳಗಿಳಿಸಿದಳು. ಹೊರಗೆ ಹೋಗಬೇಕೆಂದರೆ ಅವನನ್ನು ದಾಟಬೇಕು.

ಅವನ ತಾಯಿ, ಮನೆಗೆಲ್ಲ ಅಜ್ಜಿ, ಇಟ್ಟದ್ದೇ ಆ ಮನೆಯಲ್ಲಿ ಹೆಸರು. ಇವಳು ದೊಡ್ಡವಳು; ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿರುವವಳು ಚಿಕ್ಕವಳು. ಡಾಕ್ಟರಾಗಬೇಕೆಂದು ಮನೆಮಂದಿಯೆಲ್ಲ ಕನಸು ಕಂಡದ್ದು ಚಿಕ್ಕವಳ ಬಗ್ಗೆ. ದೊಡ್ಡವಳು ಪುಸ್ತಕ ಹಿಡಿದದ್ದು ಬರೀ ಜೊತೆಗೆ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತು ಓದಿದರು. ದೊಡ್ಡವಳು ಪರೀಕ್ಷೆಗೆ ಕಟ್ಟಿದ್ದೂ ಚಿಕ್ಕವಳ ಹಟಕ್ಕೇ. "ಆ ಹಾಲ್‌ನಲ್ಲಿ ಒಬ್ಬಳೇ ಕೂರೋಕೆ ನನ್ನ ಕೈಲಾಗಲ್ಲ, ನೀನೂ ಬರಿ," ಎಂದು ಪೀಡಿಸಿದ್ದಳು. ಹಾಲ್‌ನಲ್ಲಿ ಮೇಲ್ವಿಚಾರಕ ದೊಡ್ಡವಳ ಮುಖವನ್ನೂ ಪ್ರವೇಶಪತ್ರದ ಫೋಟೊವನ್ನೂ ಮತ್ತೆ ಮತ್ತೆ ನೋಡಿ, ಏನೋ ಕೇಳಲು ಹೋಗಿ ಸುಮ್ಮನಾಗಿದ್ದ. ಅವಳು ಕನ್ನಡಕ ಸರಿಮಾಡಿಕೊಂಡು ಬರೆಯತೊಡಗಿದ್ದಳು.

ಕೊನೆಗೆ ಆಗಿದ್ದೇನು? ದೊಡ್ಡವಳಿಗೆ ಮೂರು ಮೆಡಿಕಲ್ ಕಾಲೇಜಿನಲ್ಲಿ ಸೀಟು! ಒಂದು ಊರಿನದು, ಎರಡು ದೂರದವು. ಚಿಕ್ಕವಳಿಗೆ ದೂರದ ಎರಡರಲ್ಲೂ ಏನೂ ಇಲ್ಲ. ಊರಿನ ಕಾಲೇಜಿನಲ್ಲಿ ಕಾಯುವವರ ಸಾಲು, ಅದರಲ್ಲಿ ಮೊದಲನೆಯ ಹೆಸರು.

ಮೂರನ್ನೂ ಹಿಡಿದುಕೊಂಡು ಕೂರುವಂತಿಲ್ಲ. ಇವತ್ತು ಸಂಜೆ ಐದರೊಳಗೆ ಒಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಫೋನಿನಲ್ಲೇ ಬಿಡಬೇಕು. ಬಿಟ್ಟ ಸೀಟು ಆ ಗಳಿಗೆಯೇ ಸಾಲಿನಲ್ಲಿ ಮುಂದಿರುವವರ ಪಾಲು. ಸುಮ್ಮನಿದ್ದರೆ ಮೊದಲು ಬಂದದ್ದು, ಅಂದರೆ ಊರಿನದೇ, ತಾನಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಸುಮ್ಮನಿರುವುದಕ್ಕೂ ಅವಳಿಗೆ ದಾರಿಯಿರಲಿಲ್ಲ.

ಫೋನು ಬೆಳಗಿನಿಂದ ಬಾಯಿ ಮುಚ್ಚಿರಲಿಲ್ಲ. ಸೀಟಿಗಾಗಿ ಕಾಯುತ್ತಿರುವವರದೇ ಒಂದು ಗುಂಪು, ಚಿಕ್ಕವಳು ಈ ಫೋನಿನಿಂದಲೇ ಸೇರಿಕೊಂಡದ್ದು. "ಮೂರು ಮೂರು ನುಂಗಿ ಕೂತಿರೋರಿಗೆ ಅಜೀರ್ಣ ಆಗಲಿ," ಎಂದೊಬ್ಬ ಶಪಿಸಿದ್ದ. "ಇಂಥವರಿಗೆ ಬುದ್ಧಿ ಹೇಳೋಕೆ ಮನೇಲಿ ಹೆತ್ತವರೇ ಇಲ್ವಾ?" ಎಂದು ಇನ್ನೊಬ್ಬಳು. ದೊಡ್ಡವಳು ಅದನ್ನೆಲ್ಲ ಓದಿ, ಕಳ್ಳಿಯ ಹಾಗೆ ಫೋನು ಬೋರಲು ಹಾಕಿದ್ದಳು.

"ನೀನು ದೊಡ್ಡವಳು, ನೀನೇ ಸೋಲಬೇಕಮ್ಮ," ಅಜ್ಜಿ ನಡುಮನೆಯಿಂದಲೇ ಕೂಗಿದರು. "ಅದಿನ್ನೂ ಕಣ್ಣುಬಿಡೋ ಕೂಸು. ದೂರದ ಕಾಲೇಜು, ಹಾಸ್ಟೆಲ್ಲು ಅಂತ ಮಾತ್ರ ಬಾಯಿ ತೆಗೀಬೇಡ. ನನ್ನ ಮಂಡಿಗೆ ಎಣ್ಣೆ ಯಾರು ತಿಕ್ತಾರೆ? ಅಂಗಡಿಗೆ ಊಟ ಯಾರು ಒಯ್ತಾರೆ?"

ದೊಡ್ಡವಳು ಅನ್ನಿಸಿಕೊಂಡ ತಪ್ಪಿಗೆ ಒಬ್ಬಳು ಎಷ್ಟು ಸಲ ಸೋಲಬೇಕೋ! ಹಿಂದೊಮ್ಮೆಯೂ ಹೀಗೇ ಸೀಟು ಕೈಗೆ ಬಂದಿತ್ತು. ಆಗಲೂ ಅದನ್ನು ಬಿಡಲು ಕಾರಣ ಚಿಕ್ಕವಳೇ. ಆಗಲೂ ಇದೇ ಮನುಷ್ಯ ಇದೇ ಬಾಗಿಲಲ್ಲಿ ನಿಂತು, "ಈಗ ಬೇಡ, ಆಮೇಲೆ ನೋಡೋಣ," ಎಂದಿದ್ದ.

ಆಸೆಯೇ ಇಲ್ಲದಿದ್ದರೆ ಬಿಡುವುದೇನು ಮಹಾ? ಆದರೆ ಜೊತೆಗೆಂದು ಕೂತವಳಿಗೆ ಓದಿನ ರುಚಿ ಹತ್ತಿಬಿಟ್ಟಿತ್ತು. ಹೃದಯದ ಚಿತ್ರ ಬರೆದು, ರಕ್ತ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ತನಗೇ ತಾನೇ ಬಿಡಿಸಿ ಹೇಳಿಕೊಂಡ ದಿನ ಅಡುಗೆಗೆ ಉಪ್ಪು ಹಾಕಲು ಮರೆತು ಎಲ್ಲರಿಂದಲೂ ಬೈಸಿಕೊಂಡಿದ್ದಳು. ಬೈಸಿಕೊಂಡೂ ಖುಷಿಯಾಗಿದ್ದಳು.

ಚಿಕ್ಕವಳು ಕೋಣೆಯಿಂದ ಹೊರಬಂದಳು. ಮುಖ ಊದಿಕೊಂಡಿತ್ತು. "ನನಗೋಸ್ಕರ ಏನೂ ಬಿಡಬೇಡ ನೀನು. ಬಿಟ್ಟರೆ ಜನ್ಮದಲ್ಲಿ ಮಾತಾಡಿಸಲ್ಲ." ಹೇಳಿದ್ದೇನೋ ಮನಸಾರೆಯೇ, ಆದರೆ ಕಣ್ಣು ಮಾತ್ರ ಫೋನಿನ ಕಡೆಗೇ ಹೋಗುತ್ತಿತ್ತು.

ದೊಡ್ಡವಳು ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮತ್ತೂ ಒಮ್ಮೆ. ಔಷಧಿ ಅಂಗಡಿಯವನು ನೋಡುತ್ತಲೇ ಇದ್ದ, ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ.

ಊರಿನ ಕಾಲೇಜಿನಿಂದ ಸುದ್ದಿ ಬರಲು ತಡವಾಗಲಿಲ್ಲ. ಚಿಕ್ಕವಳು ಕಿರುಚಿದಳು, ನಕ್ಕಳು, ಮತ್ತೆ ಅತ್ತಳು. ಅಜ್ಜಿ ಕೂತಲ್ಲಿಂದಲೇ ದೊಡ್ಡವಳನ್ನು ಬಂಗಾರ ಎಂದರು, ಅಪರೂಪಕ್ಕೆ. ಔಷಧಿ ಅಂಗಡಿಯವನು ಕೊನೆಗೂ ಬಾಗಿಲಿನಿಂದ ಸರಿದ.

"ನನಗೆ ಗೊತ್ತಿತ್ತು, ಎಲ್ಲ ಬಿಡ್ತೀಯ ಅಂತ."

"ಎಲ್ಲ ಅಲ್ಲ," ಎಂದಳು ದೊಡ್ಡವಳು. "ಎರಡು ಬಿಟ್ಟೆ. ಮೂರನೇ ಸಲ ಒತ್ತಿದ್ದು ದೂರದ ಕಾಲೇಜಿಗೆ ಸೇರ್ತೀನಿ ಅಂತ. ಐದು ಹೊಡೀತು, ಇನ್ನು ನೀವು ಹೇಳಿದರೂ ಬದಲಾಯಿಸೋಕೆ ಬರಲ್ಲ."

ಅಜ್ಜಿ ಬಾಯಿ ತೆರೆದವರು ಹಾಗೇ ಉಳಿದರು. ಅವನ ಮುಖದ ಬಣ್ಣ ಇಳಿಯಿತು.

"ಹಾಗಾದ್ರೆ ಈ ಮನೆ?"

"ನೀವಿದ್ದೀರಲ್ಲ."

ಚಿಕ್ಕವಳು ಓಡಿಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು.

"ಹೊತ್ತಿಗೆ ಸರಿಯಾಗಿ ಊಟ ಮಾಡು, ತಪ್ಪದೆ ಫೋನ್ ಮಾಡು, ಅಪ್ಪನಿಗೆ ಅನ್ನ ಮಾಡೋದು ನಾನು ಕಲಿಸ್ತೀನಿ, ಮತ್ತೆ ಹಾಸ್ಟೆಲ್‌ನಲ್ಲಿ ಯಾರಾದ್ರೂ ಸೀನಿಯರ್ ಗೋಳು ಹುಯ್ಕೊಂಡ್ರೆ, ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ ನನಗೆ ಅಂತ ಹೇಳಮ್ಮಾ!"