ಗಿರಾಕಿಗಳ ಕಡೆಯ ಮಾನಿಟರ್

ವಧೂವರ ಕೇಂದ್ರದ ಯಜಮಾನರ ಮೇಜಿನ ಮೇಲೆ ಎರಡು ಮಾನಿಟರ್‌ಗಳು. ಅವರ ಕಡೆಗೆ ಅಗಲದ್ದು, ಗಿರಾಕಿಗಳ ಕಡೆಗೆ ಹಳೆಯ ಚೌಕದ್ದು. ಪ್ರಿಂಟರ್ ರಿಪೇರಿಗೆ ಬಂದಿದ್ದ ಗಿಡ್ಡ, ದುಂಡನೆಯ ಮೆಕ್ಯಾನಿಕ್, ಯಾರೋ ಒಬ್ಬ ವರನ ಫೋಟೋವನ್ನು ಎರಡರಲ್ಲೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸಾರ್, ಎರಡಕ್ಕೂ ಒಂದೇ ರೆಸಲ್ಯೂಷನ್ ಇಟ್ಟಿದ್ದೀರ. ಈ ಹಳೇದ್ರಲ್ಲಿ ಫೋಟೋ ಎರಡೂ ಪಕ್ಕದಿಂದ ಹಿಂಡಿದ ಹಾಗಾಗಿ, ಕುಂಬಳಕಾಯಿಯಂಥವನೂ ಪಡವಲಕಾಯಿ ಥರ ಕಾಣ್ತಾನೆ. ಒಂದು ನಿಮಿಷ, ಸರಿ ಮಾಡಿಬಿಡ್ತೀನಿ.”

“ಅದನ್ನ ಮಾತ್ರ ಮುಟ್ಟಬೇಡಪ್ಪ! ನಮ್ಮ ಅನ್ನ ಹುಟ್ಟೋದೇ ಅದ್ರಲ್ಲಿ.”

“ಹೆಣ್ಣು ನೋಡೋಕೆ ಹೋದಾಗ ಬಣ್ಣ ಬಯಲಾಗಲ್ವಾ?”

“ಅಷ್ಟರಲ್ಲಿ ಜಾತಕ ಕೂಡಿರುತ್ತೆ, ನೆಂಟರಿಗೆಲ್ಲ ಸುದ್ದಿ ಮುಟ್ಟಿರುತ್ತೆ. ಗಿಡ್ಡ ಅಂತ ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲ್ಲ.”

“ಥೂ! ಇದನ್ನ ನಂಬಿ ಮಗಳನ್ನ ಕೊಡೋ ಪೆದ್ದರೂ ಇದ್ದಾರಾ ಸಾರ್?”

ಯಜಮಾನರು ಕನ್ನಡಕ ಏರಿಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ನಿಮ್ಮ ಮಾವನೋರು ಇದೇ ಕುರ್ಚೀಲಿ ಕೂತು, ನಿನ್ನ ಫೋಟೋ ನೋಡಿ, ‘ಹುಡುಗ ಒಳ್ಳೇ ಎತ್ತರದ ಆಳು’ ಅಂದಿದ್ರಪ್ಪ.”